ಬಯಲುಸೀಮೆಯಲ್ಲಿ ಸ್ಪೋರ್ಟ್ಸ್ ಕಾರು ಸಾಕುವ ಕ್ರಮ

ಸ್ಪೋರ್ಟ್ಸ್ ಕಾರು ಕೊಳ್ಳುವವರು ಮೊದಲು ವಿಚಾರಿಸುವುದು ಅದರ ವೇಗವನ್ನು. ಅದನ್ನು ಚಿಕ್ಕಬಳ್ಳಾಪುರದಲ್ಲಿ ಇಟ್ಟುಕೊಳ್ಳುವವರು ಮೊದಲು ವಿಚಾರಿಸಬೇಕಾದದ್ದು ಕಾರಿನ ಹೊಟ್ಟೆಗೂ ನೆಲಕ್ಕೂ ನಡುವೆ ಎಷ್ಟು ಅಂತರವಿದೆ ಎಂಬುದನ್ನು. ನನ್ನ ಬಳಿ ಇರುವುದು 2010ರ ಪೋರ್ಷೆ ಕೇಮನ್, 2.9 ಲೀಟರ್ ಎಂಜಿನ್ನಿನದು. ಇಷ್ಟು ವರ್ಷಗಳಲ್ಲಿ ಅದಕ್ಕೆ ಆದ ಪೆಟ್ಟುಗಳೆಲ್ಲ ಅದು ಶೆಡ್ಡಿನಲ್ಲಿ ನಿಂತಿದ್ದಾಗ, ಇಲ್ಲವೇ ಹಳ್ಳಿಯ ರಸ್ತೆಯಲ್ಲಿ ನಿಧಾನವಾಗಿ ಸಾಗುತ್ತಿದ್ದಾಗ ಆದವು. ಜೋರಾಗಿ ಓಡಿಸಿದ ಕಾರಣಕ್ಕೆ ಅದು ಒಮ್ಮೆಯೂ ಕೆಟ್ಟಿಲ್ಲ. ಈ ಬರಹದ ಹೆಚ್ಚಿನ ಭಾಗ ನೆಲ, ನೀರು, ಧೂಳುಗಳ ಬಗ್ಗೆಯೇ ಇರುವುದು ಆ ಕಾರಣಕ್ಕೆ.

ಕೊಳ್ಳುವ ಮುನ್ನ ಕಾಗದಪತ್ರ ನೋಡಿ. ಕರ್ನಾಟಕದಲ್ಲಿ 20 ಲಕ್ಷ ರೂಪಾಯಿಗಿಂತ ಹೆಚ್ಚಿನ ಬೆಲೆಯ ಕಾರಿಗೆ ಜೀವಾವಧಿ ತೆರಿಗೆ ಶೇಕಡ 18ರಷ್ಟಿದ್ದು, ಅದರ ಮೇಲೆ ಸೆಸ್ ಬೇರೆ ಬೀಳುತ್ತದೆ. ಈ ಹೊರೆಯನ್ನು ತಪ್ಪಿಸಿಕೊಳ್ಳಲೆಂದೇ ಹೊರರಾಜ್ಯದ ನೋಂದಣಿಯಲ್ಲಿ ಓಡುತ್ತಿರುವ ಕಾರುಗಳು ಅಗ್ಗಕ್ಕೆ ಸಿಗುತ್ತವೆ. ಅಂಥದ್ದನ್ನು ಕೊಂಡರೆ ಹಿಂದಿನ ರಾಜ್ಯದ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ತಂದು, ಇಲ್ಲಿ ತೆರಿಗೆ ಕಟ್ಟಿ, ಹನ್ನೆರಡು ತಿಂಗಳ ಒಳಗೆ ನಮ್ಮ ಚಿಕ್ಕಬಳ್ಳಾಪುರದ ಕೆಎ-40 ಸಂಖ್ಯೆ ಹಾಕಿಸಿಕೊಳ್ಳಬೇಕು. ಆ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿದರೆ ಅಗ್ಗದ ಕಾರು ಬಹಳ ಸಲ ಅಗ್ಗವಾಗಿ ಉಳಿಯುವುದಿಲ್ಲ. ಇನ್ನು ಎಂಜಿನ್ನಿನ ವಿಷಯ. ಈ ಮಾದರಿಯಲ್ಲಿ 2009ರ ಮಾರ್ಪಾಡಿಗೆ ಹಿಂದಿನ ಎಂಜಿನ್ನುಗಳಲ್ಲಿ ಇಂಟರ್‌ಮೀಡಿಯೆಟ್ ಶಾಫ್ಟಿನ ಬೇರಿಂಗ್ ಸವೆದು ಎಂಜಿನ್ನೇ ಹಾಳಾಗುವ ಭಯವಿತ್ತು. ನಂತರದ ಎಂಜಿನ್ನಿನಲ್ಲಿ ಆ ಶಾಫ್ಟೇ ಇಲ್ಲ. ನಾನು ಒಂದು ವರ್ಷ ಕಾದು, ಹೆಚ್ಚು ಹಣ ತೆತ್ತು ನಂತರದ ಎಂಜಿನ್ನಿನ ಕಾರನ್ನೇ ಕೊಂಡದ್ದು ಇದೊಂದೇ ಕಾರಣಕ್ಕೆ.

ಕಾರು ಮನೆಗೆ ಬಂದ ಮೇಲೆ ಮೊದಲ ತಲೆನೋವು ನೀರಿನದು. ಅಷ್ಟು ನದಿಗಳ ಉಗಮಸ್ಥಾನವೆಂದು ಹೆಸರಾದ ನಂದಿಬೆಟ್ಟದ ಬುಡದಲ್ಲಿ ಕಾರು ತೊಳೆಯಲು ಮೆದು ನೀರು ಸಿಗುವುದಿಲ್ಲ ಎಂಬುದು ನಮ್ಮ ಜಿಲ್ಲೆಯ ವಿಚಿತ್ರ. ಸಾವಿರ ಅಡಿಗೂ ಕೆಳಗಿನಿಂದ ಬರುವ ಬೋರ್‌ವೆಲ್ ನೀರು ಗಡಸು. ಬಿಸಿಲಿನಲ್ಲಿ ತೊಳೆದು ಹಾಗೆಯೇ ಬಿಟ್ಟರೆ ಹನಿ ಆರಿದ ಕಡೆಯೆಲ್ಲ ಬಿಳಿ ಉಂಗುರ ಉಳಿದು, ಕಾಲಕ್ರಮದಲ್ಲಿ ಬಣ್ಣದ ಮೇಲಿನ ಪಾರದರ್ಶಕ ಲೇಪವನ್ನು ಕೊರೆಯುತ್ತದೆ. ಆದ್ದರಿಂದ ಕಾರನ್ನು ಬೆಳಗ್ಗೆ ಬಿಸಿಲೇರುವ ಮೊದಲು, ಬಾನೆಟ್ ತಣ್ಣಗಿರುವಾಗ, ಒಂದೊಂದೇ ಭಾಗವಾಗಿ ತೊಳೆದು ಆ ಭಾಗವನ್ನು ಮೈಕ್ರೋಫೈಬರ್ ಬಟ್ಟೆಯಿಂದ ಆಗಲೇ ಒರೆಸಬೇಕು. ಕೊನೆಯ ಬಾರಿ ಸುರಿಯುವ ನೀರು ಮಳೆನೀರಾದರೆ ಉತ್ತಮ. ನಾನು ತಾರಸಿಯ ನೀರನ್ನು ಒಂದು ಡ್ರಮ್ಮಿನಲ್ಲಿ ಹಿಡಿದಿಟ್ಟುಕೊಳ್ಳುತ್ತೇನೆ. ಅದು ಮುಗಿದರೆ ಶುದ್ಧ ನೀರಿನ ಘಟಕದ ಒಂದು ಕ್ಯಾನ್ ಸಾಕಾಗುತ್ತದೆ. ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಜನ ಸಾಲು ನಿಂತಿರುವಾಗ ಕಾರಿಗೆಂದು ಕ್ಯಾನ್ ಹಿಡಿಯಲು ಮನಸ್ಸು ಒಪ್ಪದೆ, ಆ ಎರಡು ತಿಂಗಳು ಅದನ್ನು ಧೂಳಿನಲ್ಲೇ ಬಿಟ್ಟಿರುತ್ತೇನೆ. ಹಾಗೆ ಬಿಟ್ಟಾಗ ಒಣಬಟ್ಟೆಯಿಂದ ಒರೆಸಲೇಬೇಡಿ, ಧೂಳಿನ ಕಣಗಳು ಬಣ್ಣವನ್ನು ಗೀರುತ್ತವೆ. ಎಂಜಿನ್ನನ್ನು ತಣಿಸುವ ದ್ರವವಾದ ಕೂಲೆಂಟಿಗೂ ಬೋರ್‌ವೆಲ್ ನೀರನ್ನು ಎಂದಿಗೂ ಬೆರೆಸಬಾರದು. ಡಿಸ್ಟಿಲ್ಡ್ ವಾಟರ್ ಬಾಟಲಿಯೊಂದನ್ನು ಮನೆಯಲ್ಲಿಟ್ಟಿರಿ.

ಧೂಳು ಬರುವುದು ಕಲ್ಲು ಕ್ವಾರಿ ಮತ್ತು ಕ್ರಷರುಗಳಿಂದ, ಅವುಗಳ ಟಿಪ್ಪರುಗಳಿಂದ. ಟಿಪ್ಪರಿನ ಹಿಂದೆ ಹೋಗುವುದೆಂದರೆ ಜಲ್ಲಿಯನ್ನು ಕೇಳಿ ಪಡೆದಂತೆ. ಹಾಗಾಗಿ ದೂರ ಉಳಿಯಿರಿ, ಮುಂಭಾಗಕ್ಕೆ ಪಿಪಿಎಫ್, ಅಂದರೆ ಬಣ್ಣ ಕಾಯುವ ಪಾರದರ್ಶಕ ಹಾಳೆ, ಹಾಕಿಸಿ, ಏರ್ ಫಿಲ್ಟರನ್ನು ಕೈಪಿಡಿ ಹೇಳುವ ಅವಧಿಯ ಅರ್ಧಕ್ಕೇ ಬದಲಾಯಿಸಿ. ಕೇಮನ್‌ಗೆ ಎಂಜಿನ್ ನಡುವಿನಲ್ಲಿದ್ದರೂ ರೇಡಿಯೇಟರುಗಳು ಮುಂದಿನ ಬಂಪರಿನ ಎರಡು ಮೂಲೆಗಳಲ್ಲಿವೆ. ಅವುಗಳ ಬಾಯಲ್ಲಿ ತರಗೆಲೆ, ಹೊಟ್ಟು, ಪ್ಲಾಸ್ಟಿಕ್ ಚೂರುಗಳು ಸೇರಿಕೊಂಡು, ಮಳೆಗಾಲದಲ್ಲಿ ತೇವ ಹಿಡಿದು, ಎಸಿ ಕಂಡೆನ್ಸರನ್ನು ತಿನ್ನುತ್ತವೆ. ವ್ಯಾಕ್ಯೂಮ್ ಕ್ಲೀನರಿನ ಕೊಳವೆಯ ತುದಿಗೆ ಸಣ್ಣ ಪೈಪು ಸಿಕ್ಕಿಸಿ ಮೂರು ತಿಂಗಳಿಗೊಮ್ಮೆ ಎಳೆದುಬಿಡಿ. ವರ್ಷಕ್ಕೊಮ್ಮೆ ಬಂಪರ್ ಬಿಚ್ಚಿಸಿ ಪೂರ್ತಿ ಶುಚಿ ಮಾಡಿಸಿ.

ಎಲ್ಲಕ್ಕಿಂತ ದೊಡ್ಡ ಅಪಾಯ ಸುಗ್ಗಿಯದು. ಡಿಸೆಂಬರ್, ಜನವರಿಯಲ್ಲಿ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಒಳರಸ್ತೆಗಳಲ್ಲಿ ಹೋದವರಿಗೆ ಇದು ಗೊತ್ತು: ಒಕ್ಕುವ ಕಣಗಳು ಕಡಿಮೆಯಾಗಿ ರಾಗಿ, ಹುರುಳಿಗಳ ಒಕ್ಕಣೆ ಡಾಂಬರಿನ ಮೇಲೆಯೇ ನಡೆಯುತ್ತದೆ. ಹುರುಳಿಯ ಬಳ್ಳಿ ರಾಗಿ ಹುಲ್ಲಿನಂತಲ್ಲ. ಅದು ಹೆಣೆದುಕೊಳ್ಳುವ ಗುಣದ್ದು. ತಿರುಗುವ ಆಕ್ಸಲಿಗೆ ಸುತ್ತಿಕೊಂಡು ಉಂಡೆಯಾಗಿ, ಎಕ್ಸಾಸ್ಟಿನ ಕಾವಿಗೆ ಹೊತ್ತಿಕೊಳ್ಳುತ್ತದೆ. ಎತ್ತರದ ಕಾರುಗಳೇ ಹೀಗೆ ಸುಟ್ಟುಹೋದದ್ದುಂಟು. ನೆಲಕ್ಕೆ ಅಂಟಿದಂತಿರುವ, ಹೊಗೆಯನ್ನು ಶುದ್ಧಿಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ನೂರಾರು ಡಿಗ್ರಿ ಸೆಲ್ಸಿಯಸ್ ಕಾದಿರುವ ಸ್ಪೋರ್ಟ್ಸ್ ಕಾರು ಆ ರಾಶಿಯನ್ನು ಹೊಟ್ಟೆಯಿಂದಲೇ ಗುಡಿಸಿಕೊಂಡು ಹೋಗುತ್ತದೆ.

ಆದ್ದರಿಂದ ಒಕ್ಕಣೆ ಕಂಡರೆ ನಿಲ್ಲಿಸಿ ಇಳಿಯಿರಿ. ‘ಅಣ್ಣಾ, ಈ ಗಾಡಿ ತುಂಬ ತಗ್ಗು, ಒಂದು ಪಕ್ಕ ಸ್ವಲ್ಪ ಸರಿಸಿಕೊಡ್ತೀರಾ’ ಎಂದು ಕೇಳಿದರೆ ನನಗೆ ಇಲ್ಲವೆಂದವರು ಯಾರೂ ಇಲ್ಲ. ಒಬ್ಬರಂತೂ ಕಾರಿನ ಸುತ್ತ ಒಂದು ಸುತ್ತು ಬಂದು, ಇದರಲ್ಲಿ ಎಷ್ಟು ಮೂಟೆ ಹಿಡಿಯುತ್ತದೆ ಎಂದು ಕೇಳಿ, ಉತ್ತರಕ್ಕೆ ಮರುಗಿ, ಕವೆಗೋಲಿನಿಂದ ತಾವೇ ದಾರಿ ಬಿಡಿಸಿಕೊಟ್ಟರು. ದಾರಿ ಸಿಗದಿದ್ದರೆ ಹಿಂದಿರುಗಿ. ಅಕಸ್ಮಾತ್ ಮೇಲೆ ಹರಿಸಿಬಿಟ್ಟರೆ ಹುಲ್ಲಿನ ಮೇಲೆಯೇ ನಿಲ್ಲಿಸಬೇಡಿ. ರಾಶಿಯನ್ನು ದಾಟಿ, ಬರಿಯ ಡಾಂಬರಿನ ಮೇಲೆ ನಿಲ್ಲಿಸಿ, ಎಂಜಿನ್ ಆರಿಸಿ, ಕೆಳಗೆ ಟಾರ್ಚ್ ಹಾಕಿ ನೋಡಿ. ಹೊಗೆಯಿಲ್ಲದಿದ್ದರೆ ದಪ್ಪ ಕೈಗವಸು ಹಾಕಿಕೊಂಡು ಕೊಕ್ಕೆಯಿಂದ ಎಳೆಯಿರಿ. ಹೊಗೆಯಿದ್ದರೆ ಎಲ್ಲರನ್ನೂ ಇಳಿಸಿ ದೂರ ಕಳಿಸಿದ ಮೇಲೆ ಮಾತ್ರ ಉಳಿದ ಯೋಚನೆ. ಒಂದು ಕಿಲೋದ ಡ್ರೈ ಪೌಡರ್ ಅಗ್ನಿಶಾಮಕವನ್ನು ಸೀಟಿನ ಮುಂದೆ, ಕೈಗೆಟಕುವ ಕಡೆ ಬಿಗಿದಿಟ್ಟಿರಿ. ಡಿಕ್ಕಿಯಲ್ಲಿಟ್ಟರೆ ಬೇಕಾದಾಗ ಸಿಗುವುದಿಲ್ಲ.

ಹಂಪುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎದುರಿನಿಂದ ವಾಹನ ಬರದಿದ್ದಾಗ ಓರೆಯಾಗಿ, ಒಂದೊಂದೇ ಚಕ್ರ ಹತ್ತುವಂತೆ ದಾಟಿಸಬೇಕು. ಪಕ್ಕದಲ್ಲಿ ಕುಳಿತವರನ್ನು ಇಳಿಸಲು ಸಂಕೋಚಪಡಬಾರದು. ತಳದ ಪ್ಲಾಸ್ಟಿಕ್ ಹಾಸು ಉಜ್ಜಿದ ಸದ್ದಾದರೆ ಅದರ ಕ್ಲಿಪ್ಪುಗಳು ಇವೆಯೇ ಎಂದು ಅಂದೇ ನೋಡಿ.

ಇಂಥ ಕಾರು ವಾರದಲ್ಲಿ ಆರು ದಿನ ನಿಂತೇ ಇರುತ್ತದೆ. ನಿಂತಿರುವಾಗ ಆಗುವ ಹಾನಿ ಕಣ್ಣಿಗೆ ಕಾಣುವುದಿಲ್ಲ. ಕೇಮನ್ನಿನ ಬ್ಯಾಟರಿ ಮುಂದಿನ ಡಿಕ್ಕಿಯೊಳಗಿದೆ, ಆ ಡಿಕ್ಕಿಯ ಬೀಗ ವಿದ್ಯುತ್ತಿನದು. ಮೊದಲ ವರ್ಷ ಮೂರು ವಾರ ಊರಿನಲ್ಲಿಲ್ಲದೆ ಬಂದು ನೋಡಿದಾಗ ಬ್ಯಾಟರಿ ಪೂರ್ತಿ ಇಳಿದಿತ್ತು. ಅದಕ್ಕೆ ಚಾರ್ಜರ್ ಹಾಕಲು ಡಿಕ್ಕಿ ತೆರೆಯಬೇಕು, ಡಿಕ್ಕಿ ತೆರೆಯಲು ಬ್ಯಾಟರಿ ಬೇಕು. ಒಳಗಿನ ಫ್ಯೂಸ್ ಪೆಟ್ಟಿಗೆಯಲ್ಲಿ ಇದಕ್ಕೆಂದೇ ಹೊರಗೆಳೆಯುವ ಒಂದು ಪಾಸಿಟಿವ್ ಕೊನೆಯಿದೆ. ಅದಕ್ಕೆ ಹೊರಗಿನ ಬ್ಯಾಟರಿಯಿಂದ 12 ವೋಲ್ಟ್ ಕೊಟ್ಟು, ನೆಗೆಟಿವ್ ತಂತಿಯನ್ನು ಬಾಗಿಲಿನ ಬೀಗ ಕಚ್ಚುವ ಲೋಹದ ಕೊಂಡಿಗೆ ಸಿಕ್ಕಿಸಿದರೆ ಡಿಕ್ಕಿ ತೆರೆದುಕೊಳ್ಳುತ್ತದೆ, ಜೊತೆಗೆ ಅಲಾರಂ ಬೀದಿಯನ್ನೆಲ್ಲ ಎಬ್ಬಿಸುತ್ತದೆ. ಅಂದಿನಿಂದ ಶೆಡ್ಡಿನಲ್ಲಿ ಬ್ಯಾಟರಿ ಇಳಿಯದಂತೆ ಚಾರ್ಜ್ ಮಾಡುತ್ತಿರುವ ಬ್ಯಾಟರಿ ಮೇಂಟೇನರ್ ಕಾಯಂ ಆಗಿದೆ. ಎರಡು ವಾರಕ್ಕೊಮ್ಮೆಯಾದರೂ ಮೂವತ್ತು ಕಿಲೋಮೀಟರ್ ಓಡಿಸಿ. ನಿಂತಲ್ಲೇ ಹತ್ತು ನಿಮಿಷ ಸ್ಟಾರ್ಟ್ ಮಾಡಿಡುವುದರಿಂದ ಎಂಜಿನ್ ಆಯಿಲ್ ಸರಿಯಾಗಿ ಕಾಯದೆ ತೇವ ಒಳಗೇ ಉಳಿಯುತ್ತದೆ. ಪೆಟ್ರೋಲಿನಲ್ಲಿ ಈಗ ಶೇಕಡ 20ರಷ್ಟು ಎಥೆನಾಲ್ ಬೆರೆತಿದ್ದು ಅದು ತೇವವನ್ನು ಹೀರುವುದರಿಂದ, ಹಳೆಯ ಇಂಧನವನ್ನು ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಉಳಿಸಬೇಡಿ.

ಇಲಿಗಳಿಗೆ ವೈರಿನ ಹೊದಿಕೆಯ ಮೇಲೆ ಎಲ್ಲಿಲ್ಲದ ಪ್ರೀತಿ. ಕಡಲೆಕಾಯಿ ಮೂಟೆ, ಹಿಂಡಿ, ಮೇವು ಇಡುವ ಮನೆಯಲ್ಲಿ ಕಾರು ನಿಲ್ಲಿಸಬೇಡಿ. ಇಲಿಪಾಷಾಣಕ್ಕಿಂತ ಬೋನು ಮೇಲು. ಪಾಷಾಣ ತಿಂದ ಇಲಿ ಎಸಿಯ ಗಾಳಿಗೊಳವೆಯಲ್ಲಿ ಸತ್ತರೆ ಡ್ಯಾಶ್‌ಬೋರ್ಡ್ ಬಿಚ್ಚುವವರೆಗೂ ಕಾರಿನಲ್ಲಿ ಕೂರಲಾಗುವುದಿಲ್ಲ.

ಉಳಿದದ್ದು ದಿನಚರಿಯ ವಿಷಯ. ಓಡಿದ್ದು ನಾಲ್ಕು ಸಾವಿರ ಕಿಲೋಮೀಟರೇ ಆದರೂ ಆಯಿಲನ್ನು ವರ್ಷಕ್ಕೊಮ್ಮೆ ಬದಲಿಸಿ, ಡಬ್ಬಿಯ ಮೇಲೆ ಪೋರ್ಷೆ ಎ40 ಎಂಬ ಮಾನ್ಯತೆ ಇರುವುದನ್ನು ಓದಿ ಕೊಳ್ಳಿ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ. ಟೈರಿನ ಗೋಡೆಯ ಮೇಲಿನ ನಾಲ್ಕು ಅಂಕಿಗಳು ಅದು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ. ಗೀಟು ಚೆನ್ನಾಗಿದ್ದರೂ ಆರು ವರ್ಷ ದಾಟಿದ ಟೈರನ್ನು ನಂಬಬೇಡಿ. ಚಕ್ರದ ಬೋಲ್ಟುಗಳಿಗೆ 130 ನ್ಯೂಟನ್ ಮೀಟರ್ ಬಿಗಿತ ಬೇಕು. ಪಂಕ್ಚರ್ ಅಂಗಡಿಯವರು ಪಾನಾದ ಮೇಲೆ ಹತ್ತಿ ನಿಲ್ಲುವ ಮೊದಲು ಬಿಗಿತ ಅಳೆಯುವ ನಿಮ್ಮ ಟಾರ್ಕ್ ರೆಂಚನ್ನು ಅವರ ಕೈಗೆ ಕೊಡಿ, ಜ್ಯಾಕ್ ಎಲ್ಲಿ ಕೊಡಬೇಕೆಂದು ಬೆರಳಿಟ್ಟು ತೋರಿಸಿ. ಸೈಲೆನ್ಸರ್ ಬದಲಿಸಿ ಸದ್ದು ಹೆಚ್ಚಿಸುವ ಆಸೆಯಿದ್ದರೆ, ತಯಾರಕರ ಮೂಲ ವಿವರಗಳಿಗೆ ಹೊಂದದ ಮಾರ್ಪಾಡು ಸಲ್ಲದೆಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದನ್ನು ನೆನಪಿಡಿ. ಹಾಗೆಯೇ ರೇಸ್ ಟ್ರ್ಯಾಕಿನಲ್ಲಿ ಆದ ಹಾನಿಗೆ ಸಾಮಾನ್ಯ ವಿಮೆ ಹಣ ಕೊಡುವುದಿಲ್ಲ.

ದೊಡ್ಡ ಕೆಲಸಗಳಿಗೆ ಅರವತ್ತು ಕಿಲೋಮೀಟರ್ ದೂರದ ಬೆಂಗಳೂರಿಗೇ ಹೋಗಬೇಕಾಗುತ್ತದೆ. ದಾರಿಯಲ್ಲಿ ಕೆಟ್ಟು ನಿಂತರೆ ಕಾರನ್ನು ಪೂರ್ತಿಯಾಗಿ ಮೇಲೇರಿಸಿಕೊಳ್ಳುವ ಫ್ಲಾಟ್‌ಬೆಡ್ ಲಾರಿಯನ್ನೇ ಕರೆಸಿ. ಚಕ್ರ ಎತ್ತಿ ಎಳೆಯುವ ಕ್ರೇನಿನವರು ಸರಪಳಿಯನ್ನು ಸಸ್ಪೆನ್ಷನ್ನಿಗೆ ಹಾಕುತ್ತಾರೆ. ಕಾರನ್ನು ಲಾರಿಗೆ ಎಳೆಯುವ ಕೊಕ್ಕೆ ಟೂಲ್ ಕಿಟ್ಟಿನಲ್ಲಿದ್ದು, ಮುಂದಿನ ಬಂಪರಿನ ಸಣ್ಣ ಮುಚ್ಚಳ ತೆಗೆದು ಅದನ್ನು ತಿರುಗಿಸಿ ಕೂರಿಸಬೇಕು. ಅದು ಉಳಿದ ತಿರುಪುಗಳಂತಲ್ಲ, ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಮಧ್ಯರಾತ್ರಿ ಹೆದ್ದಾರಿಯ ಬದಿಯಲ್ಲಿ ಇದನ್ನು ಕಂಡುಕೊಳ್ಳುವ ಬದಲು ಒಂದು ಭಾನುವಾರ ಶೆಡ್ಡಿನಲ್ಲೇ ಹಾಕಿ ತೆಗೆದು ನೋಡಿ.