ಗಿಲಾವಿನ ಹಿಂದಿನ ಪೊಳ್ಳು

ಸಿಂಧನೂರು ತಾಲ್ಲೂಕಿನ ಊರೊಂದರ ಓವರ್‌ಹೆಡ್ ಟ್ಯಾಂಕಿನ ಕಾಲಂಗಳನ್ನು ಅಲ್ಟ್ರಾಸೋನಿಕ್ ಯಂತ್ರದಿಂದ ಪರೀಕ್ಷಿಸಲು ಹೋದಾಗ ನಾನು ಮೊದಲು ಮಾಡಿಸಿದ್ದು ಪ್ಲಾಸ್ಟರ್ ಕೆತ್ತುವ ಕೆಲಸ. "ಮ್ಯಾಲ ನೋಡಿದ್ರ ಎಲ್ಲಾ ಛಲೋ ಐತ್ರೀ ಸರ, ಗಿಲಾವ್ ಯಾಕ ಕೆಡಸ್ತೀರಿ?" ಅಂದ ವಾಟರ್‌ಮನ್. ಕೆಡಿಸಲೇಬೇಕು. ಪ್ಲಾಸ್ಟರ್ ಒಳಗಿನಿಂದ ಬಿಟ್ಟಿದ್ದರೆ ಆ ಸಂದಿಯ ಗಾಳಿಯೇ ಯಂತ್ರ ಬಿಡುವ ಶಬ್ದತರಂಗವನ್ನು ತಡೆದು, ಗಟ್ಟಿ ಕಾಂಕ್ರೀಟನ್ನೂ ಕೆಟ್ಟದ್ದೆಂದು ತೋರಿಸಿಬಿಡುತ್ತದೆ.

ಕಾಂಕ್ರೀಟಿಗೆ ಒತ್ತಿ ಹಿಡಿಯುವ ಒಂದು ಪ್ರೋಬ್ ತರಂಗ ಬಿಡುತ್ತದೆ, ಎದುರು ಮುಖದ ಪ್ರೋಬ್ ಹಿಡಿಯುತ್ತದೆ. ನಾನು ಬಳಸುವುದು 54 ಕಿಲೋಹರ್ಟ್ಸ್‌ನದು. ನಡುವೆ ಪೊಳ್ಳಿದ್ದರೆ ತರಂಗ ಸುತ್ತು ಹಾಕಿ ಬರಬೇಕು, ಸಮಯ ಜಾಸ್ತಿ ಹಿಡಿಯುತ್ತದೆ. ಪ್ರೋಬಿಗೂ ಕಾಂಕ್ರೀಟಿಗೂ ನಡುವೆ ಗಾಳಿ ಉಳಿಯದಂತೆ ಗ್ರೀಸ್ ಹಚ್ಚಬೇಕು. ನಮ್ಮ ರಾಯಚೂರು ಬಿಸಿಲಿಗೆ ಮಧ್ಯಾಹ್ನದ ಹೊತ್ತಿಗೆ ಅದು ಕರಗಿ ಇಳಿಯುತ್ತದೆ, ಹಾಗಾಗಿ ಬೆಳಿಗ್ಗೆಯೇ ಶುರುಮಾಡಿದೆವು. ಯಂತ್ರದ ಜೊತೆ ಬರುವ, ತರಂಗ ದಾಟುವ ಸಮಯ ಮೊದಲೇ ಗೊತ್ತಿರುವ ರೆಫರೆನ್ಸ್ ಬಾರಿನ ಮೇಲೆ ಶೂನ್ಯ ಸರಿಪಡಿಸಿಕೊಂಡು, ಸೀಮೆಸುಣ್ಣದಲ್ಲಿ ಎರಡೂ ಮುಖಕ್ಕೆ ಚೌಕ ಗೆರೆ ಹಾಕಿದೆವು. ಕಂಬಿ ಇರುವ ಜಾಗ ಬಿಟ್ಟೆವು. ಉಕ್ಕಿನಲ್ಲಿ ತರಂಗ ಜೋರಾಗಿ ಓಡುವುದರಿಂದ ಪೊಳ್ಳಿದ್ದರೂ ಗೊತ್ತಾಗದೆ ಹೋಗುತ್ತದೆ.

300 ಮಿ.ಮೀ. ಕಾಲಂ. ಎದೆಮಟ್ಟದಲ್ಲಿ 70 ಮೈಕ್ರೋಸೆಕೆಂಡ್, ಅಂದರೆ ಸೆಕೆಂಡಿಗೆ ಸುಮಾರು 4.3 ಕಿ.ಮೀ. ಚೆನ್ನಾಗಿದೆ. ಬುಡಕ್ಕೆ ಇಳಿದಾಗ ಒಂದೇ ಮೂಲೆಯಲ್ಲಿ 108. ಗ್ರೀಸ್ ಒರೆಸಿ, ಮತ್ತೆ ಹಚ್ಚಿ ಒತ್ತಿದರೂ ಅದೇ. ವೇಗ 2.8ರ ಆಸುಪಾಸು. ಈ ಪರೀಕ್ಷೆಗಿದ್ದ ಭಾರತೀಯ ಮಾನಕ, 1992ರ ಐಎಸ್ 13311 ಭಾಗ 1ರ ಕೋಷ್ಟಕದಲ್ಲಿ 3ಕ್ಕಿಂತ ಕಡಿಮೆಯೆಂದರೆ ಸಂಶಯಾಸ್ಪದ ಎಂದಿತ್ತು. 2018ರಲ್ಲಿ ಅದರ ಜಾಗಕ್ಕೆ ಐಎಸ್ 516 ಭಾಗ 5, ವಿಭಾಗ 1 ಬಂದಿದೆ.

ಆದರೆ ಕೋಷ್ಟಕಕ್ಕಿಂತ ನಾನು ನಂಬುವುದು ಪಕ್ಕದ ಚೌಕಗಳನ್ನು. ಅದೇ ಕಾಲಂ, ಅದೇ ಕಾಂಕ್ರೀಟು, ಒಂದು ಗೇಣಿನಲ್ಲಿ ಇಷ್ಟು ವ್ಯತ್ಯಾಸವೆಂದರೆ ಒಳಗೆ ಏನೋ ಇದ್ದೇ ಇದೆ. ಬುಡದಲ್ಲಿ ಶಟರಿಂಗ್ ಸಂದಿಯಿಂದ ಸಿಮೆಂಟ್ ಹಾಲು ಸೋರಿ, ವೈಬ್ರೇಟರೂ ಕೆಳತನಕ ಮುಟ್ಟದಿದ್ದರೆ ಬರೀ ಜಲ್ಲಿ ಉಳಿಯುತ್ತದೆ. ಮೇಸ್ತ್ರಿ ಉಳಿಯಿಂದ ಅಲ್ಲಿ ಕೆತ್ತಿದಾಗ ಜಲ್ಲಿ ಬಿಡಿಬಿಡಿಯಾಗಿ ಉದುರಿತು, ಹಿಂದೆ ತುಕ್ಕು ಹಿಡಿದ ಕಂಬಿ ಕಂಡಿತು.

ವರದಿಯಲ್ಲಿ ಕಾಂಕ್ರೀಟಿನ ಬಲ ಇಷ್ಟೇ ಎಂದು ಬರೆಯಲು ಒತ್ತಾಯ ಬಂತು. ಬರೆಯಲಿಲ್ಲ. ವೇಗ ನೋಡಿ ಬಲ ಹೇಳಲಾಗದು, ಅದಕ್ಕೆ ಕೋರ್, ಅಂದರೆ ಕಾಂಕ್ರೀಟಿನಿಂದ ಕೊರೆದ ತುಂಡು, ತೆಗೆದು ಪರೀಕ್ಷಿಸಬೇಕು. ಪೊಳ್ಳಿರುವ ಚೌಕಗಳ ನಕ್ಷೆ ಕೊಟ್ಟು, ಟ್ಯಾಂಕ್ ಖಾಲಿ ಮಾಡಿ, ಕಾಲಂಗೆ ಆಸರೆ ಕೊಟ್ಟೇ ಗ್ರೌಟಿಂಗ್ (ಪೊಳ್ಳಿಗೆ ಗ್ರೌಟ್ ತುಂಬುವ ಕೆಲಸ) ಮಾಡಿರಿ, ಅದು ಗಟ್ಟಿಯಾದ ಮೇಲೆ ಅವೇ ಚೌಕಗಳಲ್ಲಿ ಮತ್ತೆ ಅಳೆಯಿರಿ ಎಂದು ಬರೆದೆ.