ತಾಜ್ ಕೊನೆಗೆ: ಮೂರನೇ ಸಲ ಆಗ್ರಾ ದಕ್ಕಿದ್ದು ಹೀಗೆ

ಮೊಘಲರ ಕಟ್ಟಡಗಳನ್ನು ಕಟ್ಟಿದ ಕಾಲದ ಸಾಲಿನಲ್ಲೇ ನೋಡಬೇಕು, ತಾಜ್ ಕೊನೆಗೆ ಬರಬೇಕು ಅಂದಾಗ ಮನೆಯಲ್ಲಿ ಯಾರೂ ಒಪ್ಪಲಿಲ್ಲ. "ಒಂದು ತಾಜ್ ನೋಡೋಕೆ ಊರಿನ ಗೋರಿಯೆಲ್ಲ ಸುತ್ತಬೇಕಾ?" ಅಂದರು ಭಾವ. ಈಗ ಅವರೇ ತಮ್ಮ ಆಫೀಸಿನವರಿಗೆಲ್ಲ ನನ್ನ ಪ್ಲ್ಯಾನ್ ಕಳಿಸುತ್ತಿದ್ದಾರೆ.

ಮೊದಲ ಸಲ ದೆಹಲಿಯಿಂದ ಒಂದು ದಿನದ ಬಸ್ ಟೂರು. ತಲೆಗೆ 1,500 ಚಿಲ್ಲರೆ. ಅಮೃತಶಿಲೆ ಅಂಗಡಿಯೊಂದರಲ್ಲಿ ಒಂದೂವರೆ ಗಂಟೆ ಕೂರಿಸಿದರು, ತಾಜ್‌ಗೆ ಸಿಕ್ಕಿದ್ದು ಮುಕ್ಕಾಲು ಗಂಟೆ. ಎರಡನೇ ಸಲ ಮೇ ತಿಂಗಳು, ಟಿಕೆಟ್ ಮಾಡಿಸಿದ್ದು ನಾನೇ. ಗುರುವಾರ ರಾತ್ರಿ ಆಗ್ರಾದಲ್ಲಿ ಇಳಿದೆವು, ಶುಕ್ರವಾರ ತಾಜ್ ಬಾಗಿಲು ಹಾಕಿರುತ್ತದೆ, ಶನಿವಾರ ಬೆಳಿಗ್ಗೆಗೆ ವಾಪಸ್ ಟಿಕೆಟ್. ಹೆಚ್ಚುಕಮ್ಮಿ 9,000 ರೂಪಾಯಿ ನೀರಿನಲ್ಲಿ ಹೋಮ ಮಾಡಿದ ಹಾಗಾಯಿತು. ಆ ಸಂಕಟ ತುಂಬಾ ದಿನ ಇತ್ತು.

ಈ ಸಲ ನವೆಂಬರ್, ಆರು ಜನ. ಮೊದಲು ದೆಹಲಿಯ ಹುಮಾಯೂನ್ ಸಮಾಧಿ. ಮೂರೇ ಮೂರು ನೋಡಿ ಅಂತ ಎಲ್ಲರಿಗೂ ಹೇಳಿದ್ದೆ: ಗುಮ್ಮಟ, ಮಿನಾರ್, ಕಲ್ಲು. ಇಲ್ಲಿ ದೊಡ್ಡ ಬಿಳಿ ಗುಮ್ಮಟ ಇದೆ, ಮಿನಾರ್ ಇಲ್ಲ, ಕೆಂಪು ಕಲ್ಲಿನ ನಡುವೆ ಬಿಳಿ ಅಮೃತಶಿಲೆಯ ಪಟ್ಟಿಗಳು. ಮಗಳು ನೋಟ್‌ಬುಕ್‌ನಲ್ಲಿ ಒಂದು ಹಾಳೆಗೆ ಒಂದು ಕಟ್ಟಡ ಅಂತ ಪೆನ್ಸಿಲ್ಲಿನಲ್ಲಿ ಬರೆಯುತ್ತಾ ಹೋದಳು.

ಮಥುರಾ ದಾರಿಯಲ್ಲಿ ಬಂದರೆ ಆಗ್ರಾಕ್ಕಿಂತ ಮೊದಲು ಅಕ್ಬರ್ ಸಮಾಧಿ ಇರುವ ಸಿಕಂದ್ರಾ ಸಿಗುತ್ತದೆ. ಡ್ರೈವರ್ ನಿಲ್ಲಿಸುತ್ತೇನೆ ಅಂದರು, ನಾನು ಬೇಡ ಅಂದೆ. 1571ರಲ್ಲಿ ಶುರುವಾದ ಫತೇಪುರ್ ಸಿಕ್ರಿ ಮುಗಿಸದೆ 1613ರ ಅಕ್ಬರ್ ಸಮಾಧಿಗೆ ಹೇಗೆ ಹೋಗುವುದು? ಮಾರನೇ ದಿನ ಸಿಕ್ರಿ ನೋಡಿಕೊಂಡು ತಿರುಗಿ ಬರೋಕೆ ಗಾಡಿಗೆ 2,500ರಷ್ಟು ಕೊಟ್ಟೆ. ಭಾವನ ಮುಖ ಊದಿಕೊಂಡಿತ್ತು. ಸಿಕ್ರಿಯಲ್ಲಿ ಸಲೀಂ ಚಿಷ್ತಿ ದರ್ಗಾದ ಕಲ್ಲಿನ ಜಾಲರಿಯೊಳಗಿಂದ ಬರುವ ಬೆಳಕಿನ ಮುಂದೆ ಸುಮ್ನೆ ಅರ್ಧ ಗಂಟೆ ಕೂತೆ, ಅದು ನಮ್ಮ ಮೂರರ ಲೆಕ್ಕದಲ್ಲಿ ಇರಲೇ ಇಲ್ಲ, ಆದರೂ ಏಳೋಕೆ ಮನಸ್ಸಾಗಲಿಲ್ಲ.

ಸಿಕಂದ್ರಾದಲ್ಲಿ ಗುಮ್ಮಟವೇ ಇಲ್ಲ. ಆದರೆ ಹೆಬ್ಬಾಗಿಲ ಮೇಲೆ ನಾಲ್ಕು ಬಿಳಿ ಮಿನಾರ್! ಮಗಳು ಅದಕ್ಕೆ ಸುತ್ತು ಹಾಕಿ ಇಟ್ಟುಕೊಂಡಳು.

ಆಗ್ರಾ ಕೋಟೆ ಬೇಕಂತಲೇ ಬಿಟ್ಟೆ. ಅಕ್ಬರನದೂ ಷಹಜಹಾನನದೂ ಅಲ್ಲಿ ಒಟ್ಟಿಗೆ ಇರುವುದರಿಂದ ಸಾಲು ಕಲಸಿಹೋಗುತ್ತದೆ, ಮೇಲಾಗಿ ಅಲ್ಲಿಂದ ತಾಜ್ ಕಂಡುಬಿಡುತ್ತದೆ. ತಾಜ್ ಕಾಣುವ ರೂಮೂ ಬೇಡ ಅಂದೆ, ರಾತ್ರಿಗೆ 1,000 ಉಳಿಯಿತು.

ನನಗೆ ಜಾಸ್ತಿ ಹಿಡಿಸಿದ್ದು ಇತ್ಮಾದ್-ಉದ್-ದೌಲಾ. ಜಹಾಂಗೀರನ ಹೆಂಡತಿ ನೂರ್ ಜಹಾನ್ ತನ್ನ ತಂದೆಗೆ 1622-28ರಲ್ಲಿ ಆಗ್ರಾದಲ್ಲಿ ಕಟ್ಟಿಸಿದ ಸಮಾಧಿ. ಪೂರ್ತಿ ಬಿಳಿ ಅಮೃತಶಿಲೆ, ಅದರಲ್ಲಿ ಬಣ್ಣದ ಕಲ್ಲು ಕೂರಿಸಿ ಮಾಡಿದ ಹೂಜಿ, ಹೂದಾನಿ, ಸೈಪ್ರೆಸ್ ಮರ. ಅಲ್ಲಿಯವರು ಪಚ್ಚೀಕಾರಿ ಅನ್ನುತ್ತಾರೆ. ಓರೆ ಬಿಸಿಲು ಬೀಳುವಾಗ ಗೋಡೆಗೆ ಕೆನ್ನೆ ಹತ್ತಿರ ತಂದು ನೋಡಿದೆ, ಕಲ್ಲಿಗೂ ಕಲ್ಲಿಗೂ ನಡುವೆ ಕೂದಲೆಳೆಯಷ್ಟು ನೆರಳೂ ಕಾಣಲಿಲ್ಲ. ಯಾವ ಗೋಡೆ, ಎಷ್ಟು ಹೊತ್ತಿಗೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ.

ಮಾರನೇ ಬೆಳಿಗ್ಗೆ ತಾಜ್. ಟಿಕೆಟ್ 50, ಒಳಗೆ ಗೋರಿ ನೋಡಲು ಮತ್ತೆ 200. ಟಿಕೆಟ್ಟಿಗೆ ಮೂರು ಗಂಟೆ ಟೈಮು, ಪೂರ್ತಿ ಮೂರು ಗಂಟೆಯೂ ಇದ್ದೆವು. ದೊಡ್ಡ ಬಾಗಿಲು ದಾಟಿದ್ದೇ ಮಗಳು ನೋಟ್‌ಬುಕ್ ತೆಗೆದು ಹಾಳೆ ತಿರುವಿದಳು. "ಅಪ್ಪಾ, ಗುಮ್ಮಟ ದೆಹಲಿಯದು, ಮಿನಾರ್ ಸಿಕಂದ್ರಾ ಬಾಗಿಲಿನದು, ಹೂವು ನಿನ್ನೆಯದು, ಅಲ್ವಾ?" ನಾನು ಬಾಯಿ ಬಿಡುವ ಮೊದಲೇ ಭಾವ ಆ ನೋಟ್‌ಬುಕ್ ಇಸಿದುಕೊಂಡರು. ವಾಪಸ್ ಕೊಟ್ಟಿದ್ದು ರೂಮಿಗೆ ಬಂದ ಮೇಲೆ.