ಬರೆ ಜರಿಯುವ ಮೊದಲು ನಾವು ಮಾಡಿಕೊಂಡದ್ದು

ಮಡಿಕೇರಿ ತಾಲ್ಲೂಕಿನಲ್ಲಿ ನಮ್ಮದು ಏಳು ಎಕರೆ ಕಾಫಿ ತೋಟ. ಪೂರ್ತಿ ಇಳಿಜಾರು. ಕಡಿದಾದ ಮಣ್ಣಿನ ಇಳಿಜಾರಿಗೆ ನಮ್ಮಲ್ಲಿ ಬರೆ ಅನ್ನುತ್ತೇವೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹೆಮ್ಮೆತ್ತಾಳು, ಜೋಡುಪಾಲ ಕಡೆಯೆಲ್ಲ ಗುಡ್ಡ ಜರಿಯಿತಲ್ಲ, ಆಗ ನಮ್ಮ ತೋಟದ ಮೇಲ್ಭಾಗವೂ ಸಿಲ್ವರ್ ಮರಗಳ ಸಮೇತ ಕೆಳಗೆ ಬಂತು. ಅವತ್ತು ಬೆಳಿಗ್ಗೆ ಲೈನ್ ಮನೆಯ (ತೋಟದ ಕೆಲಸಗಾರರ ಸಾಲುಮನೆ) ಅಜ್ಜಿ ಬಂದು, "ಅಣ್ಣಾ, ಇಷ್ಟು ಮಳೆಯಲ್ಲೂ ತೋಡಿನಲ್ಲಿ ನೀರು ಕಮ್ಮಿಯಾಗಿದೆ" ಎಂದಿದ್ದರು. ಒಳ್ಳೆಯದೇ ಆಯ್ತು ಅಂದುಕೊಂಡೆ. ಮೇಲೆ ಮಣ್ಣು ಕುಸಿದು ತೋಡಿಗೆ ಅಡ್ಡ ನಿಂತಿದೆ, ಹಿಂದೆ ನೀರು ತುಂಬುತ್ತಿದೆ ಎಂದು ನನಗೆ ಹೊಳೆಯಲೇ ಇಲ್ಲ. ಮಧ್ಯಾಹ್ನ ಅದು ಒಡೆದು ಬಂದಾಗ ಎಲ್ಲರೂ ಮನೆಯಿಂದ ಹೊರಗಿದ್ದರು. ಜೀವ ಉಳಿಯಿತು.

ಅದಕ್ಕೂ ಮುಂಚೆ ತೋಟದ ತುಂಬ ತೊಟ್ಟಿಲು ಗುಂಡಿ ತೆಗೆಸಿದ್ದೆ. ನೀರು ಇಂಗಲಿ, ಬೇಸಿಗೆಗೆ ತೇವ ಇರಲಿ ಅಂತ. ಸಣ್ಣ ಇಳಿಜಾರಿನಲ್ಲಿ ಅದು ಒಳ್ಳೆಯ ಕೆಲಸವೇ. ಕಡಿದಾದ ಬರೆಯ ನೆತ್ತಿಯಲ್ಲಿ ಮಾತ್ರ ಬೇಡವೇ ಬೇಡ. ನಮ್ಮಲ್ಲಿ ಮೇಲೆ ದಪ್ಪ ಮಣ್ಣು, ಅಡಿಯಲ್ಲಿ ಬಂಡೆ. ಜೂನ್‌ನಿಂದ ಇಂಗಿದ ನೀರು ಬಂಡೆಯ ಮೇಲೆ ಸೇರುತ್ತಾ ಹೋಗುತ್ತದೆ. ಮಣ್ಣಿನ ಕಣಗಳ ನಡುವೆ ನೀರಿನ ಒತ್ತಡ ಏರಿದಂತೆ ಅವು ಒಂದನ್ನೊಂದು ಹಿಡಿದುಕೊಳ್ಳುವ ಬಿಗಿ ಸಡಿಲವಾಗುತ್ತದೆ. ಆಮೇಲೆ ಎರಡು ದಿನ ಬಿಡದೆ ಸುರಿದರೆ ಸಾಕು. ಮನೆಗೋ ರಸ್ತೆಗೋ ಅಂತ ಜೆಸಿಬಿ ತಂದು ಬುಡ ಕಡಿದಿದ್ದರಂತೂ ಗುಡ್ಡಕ್ಕೆ ಆಸರೆಯೇ ಇರುವುದಿಲ್ಲ.

ಮೇಲಿನ ಗುಂಡಿಗಳನ್ನೆಲ್ಲ ಮುಚ್ಚಿಸಿದೆ. ಬರೆಯ ನೆತ್ತಿಯಲ್ಲಿ ಕಲ್ಲು ಕಟ್ಟಿದ ಚರಂಡಿ ಮಾಡಿ, ಮಳೆನೀರನ್ನು ನೇರ ತೋಡಿಗೆ ಬಿಟ್ಟೆ. ಮೋರಿಯ ಪೈಪ್ ದೊಡ್ಡದು ಮಾಡಿಸಿದೆ. ಲಾವಂಚವನ್ನೂ ನೆಟ್ಟಿದ್ದೇನೆ. ಆದರೆ ಅದು ಬೇರು ಇಳಿದಷ್ಟು ಆಳದ ಮಣ್ಣನ್ನು ಹಿಡಿಯುತ್ತದೆ, ಅಷ್ಟೆ. ಬಂಡೆಯವರೆಗಿನ ಮಣ್ಣೇ ಹೊರಟರೆ ಲಾವಂಚವೂ ಜೊತೆಗೇ ಬರುತ್ತದೆ.

ಮಳೆಯನ್ನು ಇಂಚು, ಸೆಂಟಿನಲ್ಲಿ (ಇಂಚಿನ ನೂರರಲ್ಲಿ ಒಂದು ಭಾಗ) ಬರೆದಿಡುವುದು ನಮ್ಮ ತೋಟದವರ ಹಳೇ ಅಭ್ಯಾಸ. ಒಂದು ಇಂಚು ಅಂದರೆ ಸುಮಾರು 25 ಮಿ.ಮೀ. ಈಗ ಆಯಾ ದಿನದ ಲೆಕ್ಕದ ಪಕ್ಕದಲ್ಲೇ ಮೂರು ದಿನದ ಮೊತ್ತವನ್ನೂ ಬರೆಯುತ್ತೇನೆ. ಒಂದು ದಿನದ ಮಳೆಗಿಂತ ಗುಡ್ಡದೊಳಗೆ ಆಗಲೇ ಎಷ್ಟು ಸೇರಿದೆ ಅನ್ನುವುದು ಮುಖ್ಯ.

2019ರ ಆಗಸ್ಟ್‌ನಲ್ಲಿ ಲೈನ್ ಮನೆಯ ಮೇಲಿನ ಬರೆಯಲ್ಲಿ ಬಿರುಕು ಕಾಣಿಸಿತು. ಬೆರಳು ತೂರುವಷ್ಟು. ಅದರ ಆಚೆ ಒಂದು, ಈಚೆ ಒಂದು ಗೂಟ ಹೊಡೆದು, ಗೂಟದ ತಲೆಗೆ ಮೊಳೆ ಇಟ್ಟು, ಟೇಪ್ ಹಿಡಿದೆ. ಸರಿಯಾಗಿ 60 ಸೆಂ.ಮೀ. ಬಿರುಕಿಗೆ ಜೇಡಿಮಣ್ಣು ತುಂಬಿ, ನೀರು ಇಳಿಯದ ಹಾಗೆ ಟಾರ್ಪಲ್ ಹೊದಿಸಿದೆವು. ಸಂಜೆಗೆ 60.4. ಮರುದಿನ ಬೆಳಿಗ್ಗೆ 61.5. ಬರೆಯ ಬುಡದಲ್ಲಿ ಹೊಸದಾಗಿ ಉಜಿರು, ಅಂದರೆ ಒರತೆ, ಎದ್ದಿತ್ತು, ನೀರು ಕೆಂಪಗಿತ್ತು. ಲೈನ್ ಮನೆಯ ಒಂದು ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡು ತೆರೆಯಲೇ ಇಲ್ಲ. ಅಳೆಯುವ ಕೆಲಸ ಅಲ್ಲಿಗೆ ಮುಗಿಯಿತು.

ಹೊರಡಲು ಚರ್ಚೆ ಬೇಕಾಗಲಿಲ್ಲ, ಯಾಕೆಂದರೆ ಮೇ ತಿಂಗಳಲ್ಲೇ ಮೂರು ಕುಟುಂಬಗಳ ಜೊತೆ ಕೂತು ಮಾತಾಡಿಟ್ಟಿದ್ದೆವು. ಬಿರುಕು ಕಂಡಾಗ ಇದ್ದದ್ದಕ್ಕಿಂತ ಒಂದು ಸೆಂಟಿಮೀಟರ್ ಹೆಚ್ಚು ಅಗಲವಾದರೆ ಹೊರಡುವುದು. ಸಂಜೆ ಐದರ ಒಳಗೆ, ಬೆಳಕಿರುವಾಗಲೇ. ತೋಡಿನ ಪಕ್ಕದ ದಾರಿ ಬೇಡ, ದೂರವಾದರೂ ಏಣಿನ, ಅಂದರೆ ಗುಡ್ಡದ ಬೆನ್ನಿನ, ಮೇಲಿನ ದಾರಿ. ರೇಷನ್ ಕಾರ್ಡ್, ಮಾತ್ರೆ, ಟಾರ್ಚು ಒಂದೇ ಚೀಲದಲ್ಲಿ, ಬಾಗಿಲ ಹಿಂದೆ. ಹನ್ನೊಂದು ಗಂಟೆಗೆಲ್ಲ ಎಲ್ಲರೂ ನನ್ನ ಚಿಕ್ಕಪ್ಪನ ಮನೆ ಸೇರಿದ್ದೆವು. ಮೂರನೇ ದಿನ ರಾತ್ರಿ ಬರೆ ಜಾರಿ ಲೈನ್ ಮನೆಯ ಹಿಂಗೋಡೆ ಒಳಕ್ಕೆ ಬಿತ್ತು. ಆ ಗೋಡೆಗೆ ಒತ್ತಿಕೊಂಡೇ ಮಕ್ಕಳು ಮಲಗುತ್ತಿದ್ದರು.

ಮನೆಗಳನ್ನು ಏಣಿನ ಮೇಲೆ ಹೊಸದಾಗಿ ಕಟ್ಟಿದೆವು. ಕೆಳಗಿನ ಮನೆಯವರೂ ಈಗ ನಮ್ಮ ಈ ಏರ್ಪಾಡಿಗೆ ಸೇರಿದ್ದಾರೆ. ಆಮೇಲೆ ಅವರಿಗಾಗಿ ಎರಡು ಸಲ ಹೊರಟೆವು, ಎರಡು ಸಲವೂ ಏನೂ ಜರಿಯಲಿಲ್ಲ. "ಸುಮ್ನೆ ಹೋದ್ವಲ್ವಾ?" ಎಂದು ಒಬ್ಬ ಹುಡುಗ ಕೇಳಿದ. ಅಜ್ಜಿ ಅವನನ್ನು ಕರೆದುಕೊಂಡು ಹೋಗಿ ಆ ಹಿಂಗೋಡೆ ಬಿದ್ದ ಜಾಗ ತೋರಿಸಿದರು. ಮಳೆಗಾಲದಲ್ಲಿ ದಿನಾ ಬೆಳಿಗ್ಗೆ ತೋಡಿನ ನೀರು ನೋಡಿ ಬರುವವರು ಅವರೇ. ಹೆಚ್ಚೋ, ಕಮ್ಮಿಯೋ, ಬಣ್ಣ ಹೇಗಿದೆಯೋ ಹೇಳುತ್ತಾರೆ. ಮಳೆ ಲೆಕ್ಕದ ಪಕ್ಕದಲ್ಲಿ ಅದನ್ನೂ ಬರೆದುಕೊಳ್ಳುತ್ತೇನೆ.